ಸಾಲು ಮುರಿಯುವ ಹಕ್ಕು ಯಾರದ್ದು?



ಈ ಸಲದ ಸಂಚಿಕೆಗೆ ನಾನು ಪುಸ್ತಕ ಪರಿಚಯ ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಅದನ್ನು ಮುಂದಿನ ಸಂಚಿಕೆಗೆ ತಳ್ಳಿ, ಬದಲಿಗೆ ಎಂಟರ್ ಕೀ ಬಗ್ಗೆ ಬರೆಯುತ್ತಿದ್ದೇನೆ. ಹೌದು, ಕೀಬೋರ್ಡಿನ ಬಲಗಡೆ ಇರುವ ಅದೇ ಎಂಟರ್ ಕೀ. "ಸಾಹಿತ್ಯ ಬಳಗದಲ್ಲಿ ಕಂಪ್ಯೂಟರ್ ಪಾಠ ಯಾಕಪ್ಪಾ" ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ನಾನು ಮುರಿದದ್ದು ಅದಕ್ಕಿಂತ ದೊಡ್ಡದು. ಒಬ್ಬ ಹಿರಿಯರ ಕವಿತೆಯನ್ನು ಒಂಬತ್ತು ಕಡೆ ಮುರಿದಿದ್ದೇನೆ.

ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. ಕಾಸರಗೋಡಿನ ಕಡೆಯ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಚಳಿಗಾಲದಲ್ಲಿ ಮಗಳ ಮನೆಗೆಂದು ಇಲ್ಲಿಗೆ ಬರುತ್ತಿದ್ದರು. ನಮ್ಮ ಎರಡು ಮೂರು ಕೂಟಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಕೊನೆಯಲ್ಲಿ ಮಾತ್ರ ಒಂದು ಮಾತಾಡುತ್ತಿದ್ದವರು. ಅವರು ಒಂದು ಕವಿತೆ ಬರೆದು, ಮಗಳು ಅದರ ಫೋಟೋ ತೆಗೆದು ನನಗೆ ವಾಟ್ಸ್ಆ್ಯಪ್ ಮಾಡಿದ್ದರು. ಹದಿನಾಲ್ಕು ಸಾಲು. ಉದ್ದುದ್ದ ಸಾಲುಗಳು. ಛಂದಸ್ಸಿಲ್ಲ, ಪ್ರಾಸವಿಲ್ಲ, ಮಾತಿನ ಹಾಗೆ ಹರಿಯುವ ಕವಿತೆ. ಆಫೀಸಿನಿಂದ ಬಂದು, ಊಟ ಮುಗಿಸಿ, ಅಲ್ ರೀಮ್ ಐಲ್ಯಾಂಡಿನ ನಮ್ಮ ಫ್ಲ್ಯಾಟಿನಲ್ಲಿ ರಾತ್ರಿ ಹನ್ನೊಂದಕ್ಕೆ ಕೂತು ಅದನ್ನು ಟೈಪ್ ಮಾಡಿದೆ. ಬಳಸಿದ್ದು ನಾನು ಪ್ರೋಗ್ರಾಮ್ ಬರೆಯುವ ಎಡಿಟರನ್ನೇ. ಅದರಲ್ಲಿ ಯಾವತ್ತೋ ಒಂದು ಕಾಲದಲ್ಲಿ, 60 ಅಕ್ಷರ ದಾಟಿದ ಕೂಡಲೇ ಸಾಲು ತಾನಾಗಿ ಮುರಿಯುವಂತೆ ಹೊಂದಿಸಿಟ್ಟಿದ್ದೆ. ಪ್ರೋಗ್ರಾಮಿನ ಟಿಪ್ಪಣಿಗಳಿಗೆ ಅದು ಅನುಕೂಲ. ಟೈಪ್ ಮಾಡುವಾಗ ಸಾಲು ಕೆಳಗೆ ಜಾರಿದ್ದು ಕಣ್ಣಿಗೆ ಬಿತ್ತು. "ಪರದೆಯಲ್ಲಿ ಜಾಗ ಸಾಲದೆ ಹಾಗೆ ಕಾಣುತ್ತದೆ, ಕಳಿಸುವಾಗ ಸರಿಯಾಗುತ್ತದೆ" ಅಂದುಕೊಂಡೆ. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವನು ಅಂದುಕೊಳ್ಳಬಾರದಿದ್ದ ಮಾತು ಅದು.

ಸಂಚಿಕೆ ಹೋಯಿತು. ಹದಿನಾಲ್ಕು ಸಾಲು ಇಪ್ಪತ್ತಮೂರಾಗಿತ್ತು. ಒಂಬತ್ತು ಸಾಲುಗಳ ಕೊನೆಯ ಪದವೋ ಎರಡು ಪದವೋ ಕೆಳಗೆ ಬಿದ್ದು ಒಂದೊಂದು ಸಾಲಾಗಿ ನಿಂತಿದ್ದವು. ಕವಿತೆಯ ಕೊನೆಯ ಪದ 'ಮನೆ'. ಅದೂ ಒಂಟಿಯಾಗಿ ಕೊನೆಯ ಸಾಲಾಗಿತ್ತು. ತಮಾಷೆ ನೋಡಿ, ಓದುಗರೊಬ್ಬರು "ಕೊನೆಯಲ್ಲಿ ಮನೆ ಎಂಬ ಪದವನ್ನು ಒಂಟಿಯಾಗಿ ನಿಲ್ಲಿಸಿದ ತಂತ್ರ ಅದ್ಭುತ" ಎಂದು ಮೆಚ್ಚಿ ಬರೆದರು. ನಾನು ಆ ಮೆಚ್ಚುಗೆಯನ್ನು ಮೇಷ್ಟ್ರಿಗೆ ದಾಟಿಸಿದೆ. ಅವರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಾನು ಮನೆಯನ್ನು ಎಲ್ಲರ ಜೊತೆಗೇ ಇಟ್ಟಿದ್ದೆ. ಅದು ಒಂಟಿಯಾಗಿದ್ದು ನಿಮ್ಮಲ್ಲಿ." ಆಮೇಲೆ ನಕ್ಕು, "ಇರಲಿ ಬಿಡಿ, ಬೇರೆಯವರು ಎಳೆದ ಗೆರೆಯಲ್ಲಿ ಬದುಕುವುದು ನಮಗೆ 1956ರಿಂದ ಅಭ್ಯಾಸ" ಅಂದರು. ಆ ವರ್ಷ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತಲ್ಲ, ಆ ಗೆರೆಯ ಮಾತು.

ಅವರು ನಕ್ಕರು ಎಂದು ನಾನು ಸಮಾಧಾನ ಪಟ್ಟುಕೊಂಡೆ. ಆದರೆ ಅದೇ ಮಾತು ಈ ಲೇಖನ ಬರೆಸುತ್ತಿದೆ.

ಎರಡು ಬಗೆಯ ಸಾಲು

ಕಂಪ್ಯೂಟರಿನಲ್ಲಿ ಸಾಲು ಕೆಳಗಿಳಿಯುವುದು ಎರಡು ರೀತಿಯಲ್ಲಿ. ಕಣ್ಣಿಗೆ ಎರಡೂ ಒಂದೇ. ಎಲ್ಲ ತೊಂದರೆಯ ಬೇರೂ ಇದೇ.

ಮೊದಲನೆಯದು ಗಟ್ಟಿ ಸಾಲು. ನೀವು ಎಂಟರ್ ಒತ್ತಿದಿರಿ. ಕಡತದೊಳಗೆ 'ಇಲ್ಲಿಗೆ ಸಾಲು ಮುಗಿಯಿತು' ಎಂಬ ಗುರುತು ಕೂತಿತು. ಆ ಗುರುತೂ ಒಂದು ಅಕ್ಷರವೇ, ಕಾಣುವುದಿಲ್ಲ ಅಷ್ಟೆ. ಕಡತವನ್ನು ಮೇಲ್ ಮಾಡಿದರೂ, ಫೋನಿಗೆ ಹಾಕಿದರೂ, ಅಚ್ಚಿಗೆ ಕೊಟ್ಟರೂ ಅದು ಜೊತೆಗೇ ಹೋಗುತ್ತದೆ. ಗದ್ದೆಯ ಬದುವಿನ ಹಾಗೆ, ಯಾರಾದರೂ ಕಡಿಯುವ ತನಕ ಇರುತ್ತದೆ.

ಎರಡನೆಯದು ಮೆದು ಸಾಲು. ಇಲ್ಲಿ ಕಡತದಲ್ಲಿ ಯಾವ ಗುರುತೂ ಇಲ್ಲ. ಕಿಟಕಿಯ ಅಗಲ ಮುಗಿಯಿತು, ಎಡಿಟರ್ ಉಳಿದ ಪದಗಳನ್ನು ಕೆಳಗೆ ತೋರಿಸಿತು. ಕಿಟಕಿ ಅಗಲ ಮಾಡಿದರೆ ಪದಗಳು ಮೇಲೆ ಬರುತ್ತವೆ, ಕಿರಿದು ಮಾಡಿದರೆ ಮತ್ತೆ ಕೆಳಗೆ. ಪಾತ್ರೆಗೆ ತಕ್ಕಂತೆ ನಿಲ್ಲುವ ನೀರಿನ ಹಾಗೆ. ಇದನ್ನೇ ವರ್ಡ್ ವ್ರ್ಯಾಪ್ ಎನ್ನುವುದು.

ಹಾಗಾದರೆ 'ಆಟೋಮ್ಯಾಟಿಕ್ ಲೈನ್ ವ್ರ್ಯಾಪಿಂಗ್' ಎಂದರೆ ಯಾವುದು? ದುರದೃಷ್ಟವಶಾತ್ ಎರಡಕ್ಕೂ ಅದೇ ಹೆಸರು ಬಳಕೆಯಲ್ಲಿದೆ. ಕೆಲವು ಎಡಿಟರುಗಳಲ್ಲಿ ಅದನ್ನು ಚಾಲೂ ಮಾಡಿದರೆ ಪರದೆಯಲ್ಲಿ ಮಾತ್ರ ಸಾಲು ಮಡಚುತ್ತದೆ. ಇನ್ನು ಕೆಲವದರಲ್ಲಿ ನಿಮ್ಮ ಪರವಾಗಿ ತಾನೇ ಎಂಟರ್ ಒತ್ತುತ್ತಾ ಹೋಗುತ್ತದೆ. ನನಗಾದದ್ದು ಎರಡನೆಯದು, ನಾನು ತಿಳಿದದ್ದು ಮೊದಲನೆಯದು.

ವ್ಯತ್ಯಾಸ ತಿಳಿಯಲು ಯಾವ ಕೋರ್ಸೂ ಬೇಡ. ಎಡಿಟರಿನ ಕಿಟಕಿಯ ಅಂಚನ್ನು ಮೌಸಿನಿಂದ ಹಿಡಿದು ಕಿರಿದು ಮಾಡಿ, ಆಮೇಲೆ ಅಗಲ ಮಾಡಿ. ಜೊತೆಗೆ ಹಿಗ್ಗಿ ಕುಗ್ಗುವ ಸಾಲು ಮೆದುವಾದದ್ದು. ಕಿಟಕಿ ಎಷ್ಟೇ ಅಗಲವಾದರೂ ಅಲ್ಲೇ ಮುರಿದು ನಿಲ್ಲುವುದು ಗಟ್ಟಿಯಾದದ್ದು. ಹತ್ತು ಸೆಕೆಂಡಿನ ಕೆಲಸ. ಆ ರಾತ್ರಿ ನಾನು ಅದನ್ನು ಮಾಡಿದ್ದರೆ ಸಾಕಿತ್ತು.

ಯಂತ್ರಕ್ಕೆ ಈ ಚಟ ಹೇಗೆ ಬಂತು?

ಟೈಪ್‌ರೈಟರ್ ಬಳಸಿದವರಿಗೆ ಗೊತ್ತು. ಸಾಲಿನ ಕೊನೆ ಬರುವಾಗ 'ಟಿಣ್' ಎಂದು ಗಂಟೆ ಹೊಡೆಯುತ್ತಿತ್ತು. ಆಗ ಎಡಗಡೆಯ ಸನ್ನೆಯನ್ನು ತಳ್ಳಿದರೆ ಕಾಗದ ಹೊತ್ತ ಗಾಡಿ ಹಿಂದಕ್ಕೆ ಹೋಗಿ, ಕಾಗದ ಒಂದು ಸಾಲು ಮೇಲೇರುತ್ತಿತ್ತು. ಗಾಡಿ ಹಿಂದಕ್ಕೆ, ಕಾಗದ ಮುಂದಕ್ಕೆ, ಈ ಎರಡು ಕೆಲಸಕ್ಕೂ ಟೆಲಿಪ್ರಿಂಟರುಗಳಲ್ಲಿ ಎರಡು ಬೇರೆ ಸಂಕೇತಗಳಿದ್ದವು. ಕಂಪ್ಯೂಟರು ಅವನ್ನೇ ಆನುವಂಶಿಕವಾಗಿ ಪಡೆಯಿತು. ಆದರೆ ಅಣ್ಣ ತಮ್ಮಂದಿರು ಆಸ್ತಿ ಹಂಚಿಕೊಂಡಂತೆ, ವಿಂಡೋಸ್ ಎರಡೂ ಸಂಕೇತಗಳನ್ನು ಇಟ್ಟುಕೊಂಡಿತು, ಯುನಿಕ್ಸ್ ಮತ್ತು ಅದರ ಕುಲದ ಲಿನಕ್ಸ್ ಒಂದನ್ನು, ಹಳೆಯ ಮ್ಯಾಕ್ ಇನ್ನೊಂದನ್ನು. ಲಿನಕ್ಸಿನಲ್ಲಿ ಉಳಿಸಿದ ಕವಿತೆಯನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ತೆರೆದರೆ ಇಡೀ ಕವಿತೆ ರೈಲಿನ ಹಾಗೆ ಒಂದೇ ಸಾಲಾಗಿ ಕಾಣುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ದೋಷ ಸರಿಹೋದದ್ದು 2018ರಲ್ಲಿ!

ಇನ್ನು ಅಗಲದ ಲೆಕ್ಕ. 1928ರಲ್ಲಿ ಐಬಿಎಂ ಕಂಪನಿ ತಂದ ತೂತಿನ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು. ಒಂದು ಕಂಬಸಾಲಿಗೆ ಒಂದು ಅಕ್ಷರ. ಆಮೇಲೆ ಬಂದ ಪರದೆಗಳೂ 80 ಅಕ್ಷರದ ಅಗಲವನ್ನೇ ಇಟ್ಟುಕೊಂಡವು. ಮಿಂಚಂಚೆಯ ನಿಯಮ ಬರೆದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ, ಮೇಲಿನ ಒಂದು ಸಾಲು 78 ಅಕ್ಷರ ದಾಟದಿದ್ದರೆ ಒಳ್ಳೆಯದು, 998 ಅಕ್ಷರವನ್ನಂತೂ ದಾಟಲೇಬಾರದು ಎಂದರು. 2008ರ ಆರ್‌ಎಫ್‌ಸಿ 5322 ಎಂಬ ನಿಯಮಪತ್ರದಲ್ಲೂ ಈ ಎರಡು ಸಂಖ್ಯೆಗಳು ಹಾಗೆಯೇ ಇವೆ. ಹಾಗಾಗಿ ಹಳೆಯ ಮೇಲ್ ಪ್ರೋಗ್ರಾಮುಗಳು 70-75 ಅಕ್ಷರಕ್ಕೊಮ್ಮೆ ಗಟ್ಟಿ ಎಂಟರ್ ಹಾಕಿಯೇ ಕಳಿಸುತ್ತಿದ್ದವು. ಅಗಲ ಪರದೆಯಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಫೋನಿನ ಕಿರಿದಾದ ಪರದೆಯಲ್ಲಿ ಉದ್ದ, ಗಿಡ್ಡ, ಉದ್ದ, ಗಿಡ್ಡ ಎಂದು ಗರಗಸದ ಹಲ್ಲಿನಂತೆ ಕಾಣತೊಡಗಿತು.

ಇದಕ್ಕೊಂದು ಜಾಣ ಪರಿಹಾರವನ್ನೂ ಕಂಡುಹಿಡಿದಿದ್ದರು. 1999ರಲ್ಲಿ ಮೊದಲು ಬಂದು 2004ರಲ್ಲಿ ಪರಿಷ್ಕೃತವಾದ 'ಫಾರ್ಮ್ಯಾಟ್ ಫ್ಲೋಡ್' ಎಂಬ ಪದ್ಧತಿ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಬಿಟ್ಟು ಮುರಿದಿದ್ದರೆ ಅದು ಮೆದು ಸಾಲು, ಓದುವ ಯಂತ್ರ ಅದನ್ನು ಮುಂದಿನ ಸಾಲಿಗೆ ಜೋಡಿಸಿಕೊಳ್ಳಬಹುದು. ಖಾಲಿ ಜಾಗ ಇಲ್ಲದೆ ಮುರಿದಿದ್ದರೆ ಅದು ಬರೆದವನ ಇಚ್ಛೆ, ಮುಟ್ಟಬಾರದು. ಕಣ್ಣಿಗೆ ಕಾಣದ ಒಂದು ಜಾಗದಲ್ಲಿ ಯಂತ್ರದ ಇಚ್ಛೆಯನ್ನೂ ಮನುಷ್ಯನ ಇಚ್ಛೆಯನ್ನೂ ಬೇರೆ ಮಾಡಿದ್ದರು! ಆದರೆ ಇದು ನಡೆಯಬೇಕಾದರೆ ಕಳಿಸುವವನ ಪ್ರೋಗ್ರಾಮಿಗೂ ಪಡೆಯುವವನ ಪ್ರೋಗ್ರಾಮಿಗೂ ಈ ಪದ್ಧತಿ ಗೊತ್ತಿರಬೇಕು. ಎಲ್ಲವಕ್ಕೂ ಗೊತ್ತಿಲ್ಲ.

ಕನ್ನಡದ ಪಾಡು

ಈ 78ರ ಲೆಕ್ಕವೆಲ್ಲ ಇಂಗ್ಲಿಷಿಗೆ ಹೊಲಿದ ಅಂಗಿ. ನಮ್ಮ ಮೈಗೆ ಅದು ಹೇಗೆ ಬಿಗಿಯುತ್ತದೆ ನೋಡಿ.

ಯುನಿಕೋಡಿನಲ್ಲಿ 'ಕರ್ನಾಟಕ' ಎಂಬ ಪದ ನಮಗೆ ನಾಲ್ಕು ಅಕ್ಷರ: ಕ, ರ್ನಾ, ಟ, ಕ. ಯಂತ್ರಕ್ಕೆ ಅದು ಏಳು ಸಂಕೇತ: ಕ, ರ, ವಿರಾಮದ ಚಿಹ್ನೆ, ನ, ಆಕಾರದ ದೀರ್ಘ, ಟ, ಕ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಅಂದರೆ 21 ಬೈಟ್. ಮೇಲ್ ಹೋಗುವಾಗ 'ಕೋಟೆಡ್ ಪ್ರಿಂಟಬಲ್' ಎಂಬ ಹಳೆಯ ಪೊಟ್ಟಣ ಪದ್ಧತಿ ಬಳಸಿದರೆ ಒಂದೊಂದು ಬೈಟೂ ಮೂರು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಆಗ ನಮ್ಮ ನಾಲ್ಕಕ್ಷರದ ಕರ್ನಾಟಕ 63 ಅಕ್ಷರದ ಜಾಗ ತಿನ್ನುತ್ತದೆ. ಆ ಪದ್ಧತಿಯಲ್ಲಿ ಒಂದು ಸಾಲಿಗಿರುವ ಮಿತಿಯೇ 76. ಒಂದು ಸಾಲಿಗೆ ಒಂದು ರಾಜ್ಯ! 'ಸ್ತ್ರೀ' ಎಂಬ ಒಂದೇ ಅಕ್ಷರ ಆರು ಸಂಕೇತ, 18 ಬೈಟ್.

ಸರಿಯಾದ ಪ್ರೋಗ್ರಾಮುಗಳು ದಾರಿಯಲ್ಲಿ ಹೀಗೆ ಪೊಟ್ಟಣ ಕಟ್ಟಿದ್ದನ್ನು ತಲುಪಿದ ಮೇಲೆ ಒಪ್ಪವಾಗಿ ಬಿಚ್ಚಿಕೊಡುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ತೊಂದರೆ ಬರುವುದು ಅರೆಬರೆ ಬುದ್ಧಿಯ ಪ್ರೋಗ್ರಾಮುಗಳಿಂದ. ಬೈಟ್ ಎಣಿಸಿ ಮುರಿಯುವ ಪ್ರೋಗ್ರಾಮು ಮೂರು ಬೈಟಿನ ನಡುವೆ ಕತ್ತರಿ ಹಾಕಿದರೆ ಅಕ್ಷರ ಸತ್ತು, ಆ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕೂರುತ್ತದೆ. ಸಂಕೇತ ಎಣಿಸಿ ಮುರಿಯುವುದು ಸ್ವಲ್ಪ ವಾಸಿ, ಆದರೂ ಅದು ಕರ್ನಾಟಕವನ್ನು ವಿರಾಮದ ನಂತರ ಕತ್ತರಿಸಿದರೆ ಮೇಲಿನ ಸಾಲಿನಲ್ಲಿ 'ಕರ್' ಉಳಿದು, ಕೆಳಗಿನ ಸಾಲಿನಲ್ಲಿ 'ನಾಟಕ' ಶುರುವಾಗುತ್ತದೆ. ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದ ಕಾಲದಲ್ಲೂ ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಪದ ಒಡೆಯುತ್ತಿದ್ದರು. ಆದರೆ ಒತ್ತಕ್ಷರ ಒಡೆಯುತ್ತಿರಲಿಲ್ಲ, ಏಕೆಂದರೆ ಮೊಳೆ ಜೋಡಿಸುವವನಿಗೆ ಕನ್ನಡ ಗೊತ್ತಿತ್ತು.

ಇಂದಿನ ಒಳ್ಳೆಯ ಎಡಿಟರುಗಳು ಯುನಿಕೋಡಿನ ನಿಯಮ ಪಾಲಿಸಿ ಕನ್ನಡವನ್ನು ಪದಗಳ ನಡುವಿನ ಖಾಲಿ ಜಾಗದಲ್ಲಷ್ಟೇ ಮಡಚುತ್ತವೆ. ಇದು ಕ್ಷೇಮ. ಆದರೆ ಸಂಧಿ ಸಮಾಸ ಮಾಡಿ ಒಂದೇ ಉಸಿರಿಗೆ ಸಿಗದ ಪದ ಕಟ್ಟುವ ನಮ್ಮ ಭಾಷೆಯಲ್ಲಿ, ಫೋನಿನ ಕಿರು ಪರದೆಯಲ್ಲಿ ಒಂದು ಸಾಲಿಗೆ ಎರಡೋ ಮೂರೋ ಪದ ಮಾತ್ರ ಹಿಡಿದು, ಬಲಗಡೆ ದೊಡ್ಡ ಖಾಲಿ ಉಳಿಯುತ್ತದೆ. ಎರಡೂ ಅಂಚು ಸಮ ಮಾಡಲು ಹೋದರೆ ಪದಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ. ಇಲ್ಲಿ ಅಬುಧಾಬಿಯಲ್ಲಿ ನಾವು ದಿನಾ ನೋಡುವ ಅರಬ್ಬಿ ಬರಹಕ್ಕೆ ಇದಕ್ಕೊಂದು ಸುಂದರ ಉಪಾಯವಿದೆ. ಅವರು ಸಾಲಿನ ಕೊನೆಯಲ್ಲಿ ಪದ ಒಡೆಯುವುದಿಲ್ಲ, ಅಕ್ಷರಗಳ ನಡುವಿನ ಗೆರೆಯನ್ನೇ ಎಳೆದು ಉದ್ದ ಮಾಡಿ ಸಾಲು ತುಂಬಿಸುತ್ತಾರೆ. ಕಶೀದಾ ಎಂದು ಅದರ ಹೆಸರು. ಕೂಡಿಸಿ ಬರೆಯುವ ಲಿಪಿಗೆ ಅದು ಸಾಧ್ಯ. ದುಂಡಗಿನ ನಮ್ಮ ಅಕ್ಷರಗಳನ್ನು ಹಾಗೆ ಎಳೆಯಲಾಗುವುದಿಲ್ಲ. ಆದ್ದರಿಂದ ನನ್ನ ಸಲಹೆ, ಕನ್ನಡವನ್ನು ಎಡ ಅಂಚಿಗೆ ಸಮ ಮಾಡಿ, ಬಲ ಅಂಚು ಹೇಗಾದರೂ ಇರಲಿ ಬಿಡಿ.

ಓಲೆಗರಿಯಿಂದ ಉಳಿದು ಬಂದದ್ದು ಹೇಗೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಓಲೆಗರಿಯಲ್ಲಿ ಪದ್ಯದ ಸಾಲಿಗೊಂದು ಸಾಲು ಎಂದು ಬರೆಯುತ್ತಿರಲಿಲ್ಲ. ಗರಿ ದುಬಾರಿ, ಕೊರೆಯುವುದು ಕಷ್ಟ. ಗರಿಯ ಅಂಚು ಬರುವ ತನಕ ಬರೆಯುವುದು, ಅಂಚು ಬಂದಲ್ಲಿ ಪದದ ನಡುವೆಯೇ ಆದರೂ ಕೆಳಗಿಳಿಯುವುದು. ಶಾಸನಗಳಲ್ಲೂ ಹಾಗೆಯೇ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಐದು ಪದ್ಯಗಳಿವೆ, ಅವುಗಳಲ್ಲಿ ಮೂರು ತ್ರಿಪದಿ. ಬಂಡೆಯ ಮೇಲೆ ಇರುವುದು ಒಟ್ಟು ಹತ್ತೇ ಸಾಲು. ಮೂರು ತ್ರಿಪದಿಗೇ ಒಂಬತ್ತು ಸಾಲು ಬೇಕಲ್ಲ! ಅಂದರೆ ಬಂಡೆಯ ಸಾಲು ಬೇರೆ, ಪದ್ಯದ ಸಾಲು ಬೇರೆ. ಅದೂ ಒಂದು ರೀತಿಯ ವರ್ಡ್ ವ್ರ್ಯಾಪೇ, ಪರದೆಯ ಬದಲು ಕಲ್ಲು.

ಹಾಗಿದ್ದರೂ ಆ ಪದ್ಯಗಳು ಕೆಡಲಿಲ್ಲ. ಯಾಕೆಂದರೆ ಸಾಲು ಎಲ್ಲಿ ಮುಗಿಯುತ್ತದೆ ಎಂಬ ಗುಟ್ಟು ಪದ್ಯದ ಹೊಟ್ಟೆಯೊಳಗೇ ಇತ್ತು. ಮಾತ್ರೆ ಎಣಿಸಿದರೆ ಸಿಗುತ್ತದೆ, ಎರಡನೆಯ ಅಕ್ಷರದ ಪ್ರಾಸ ನೋಡಿದರೆ ಸಿಗುತ್ತದೆ. ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಮೊದಲನೆಯ, ಎರಡನೆಯ, ನಾಲ್ಕನೆಯ, ಐದನೆಯ ಸಾಲುಗಳಿಗೆ 14 ಮಾತ್ರೆ. ಮೂರು ಮತ್ತು ಆರಕ್ಕೆ 23. ಕುಮಾರವ್ಯಾಸ ಭಾರತದ ಮೊದಲ ಪದ್ಯದಲ್ಲೇ 'ರಾಜೀವ' ಎಂಬ ಪದ ಎರಡು ಸಾಲಿಗೆ ಹಂಚಿಹೋಗುತ್ತದೆ. 'ರಾ' ಮೊದಲ ಸಾಲಿನ ಕೊನೆಗೆ, 'ಜೀವ' ಎರಡನೆಯ ಸಾಲಿನ ಮೊದಲಿಗೆ. 'ರಾ' ಸೇರಿದರೆ ಮೊದಲ ಸಾಲಿಗೆ ಸರಿಯಾಗಿ 14 ಮಾತ್ರೆ. 'ಜೀವ'ದಿಂದ ಶುರುವಾದರೆ ಎರಡನೆಯ ಸಾಲಿಗೆ ವಕಾರದ ಪ್ರಾಸ. ನಾರಣಪ್ಪ ಅಲ್ಲಿ ಪದ ಮುರಿದದ್ದು ಜಾಗ ಸಾಲದೆ ಅಲ್ಲ, ಲೆಕ್ಕ ಹಾಕಿ.

ಈಗ ಈ ಪದ್ಯವನ್ನು 'ಪದ ಒಡೆಯಬಾರದು' ಎಂಬ ನಿಯಮದ ಯಂತ್ರಕ್ಕೆ ಕೊಟ್ಟು, ಸಾಲುಗಳನ್ನು ಕೂಡಿಸಿ ಮತ್ತೆ ಮಡಚು ಎನ್ನಿ. ಕೂಡಿಸುವಾಗ ಅದು ಎಂಟರ್ ತೆಗೆದು ಖಾಲಿ ಜಾಗ ಹಾಕುತ್ತದೆ. 'ರಾಜೀವ' ಹೋಗಿ 'ರಾ ಜೀವ' ಆಗುತ್ತದೆ. ಕೆಟ್ಟಿತು. ಆದರೂ ಗಮಕಿಯೊಬ್ಬರ ಕೈಗೆ ಕೊಟ್ಟರೆ ಹಾಡುತ್ತಲೇ ಸರಿ ಮಾಡಿಬಿಡುತ್ತಾರೆ. ಕಿವಿಗೆ ಗೊತ್ತು.

ವಚನಗಳ ಸಂಗತಿ ಬೇರೆ. ಓಲೆಯಲ್ಲಿ ಅವು ಗದ್ಯದ ಹಾಗೆ ಒಂದೇ ಸಮನೆ ಸಾಗುತ್ತವೆ. ಇಂದು ಪುಸ್ತಕದಲ್ಲಿ ನಾವು ಕಾಣುವ ಸಾಲುಗಳು ಸಂಪಾದಕರು ಅರ್ಥ ಮತ್ತು ಲಯ ನೋಡಿ ಮಾಡಿದ ವಿಂಗಡಣೆ. ಒಂದೇ ವಚನ ಎರಡು ಪುಸ್ತಕದಲ್ಲಿ ಎರಡು ರೀತಿ ಸಾಲಾಗಿರುವುದು ಇದರಿಂದಲೇ.

ಆದರೆ ನವ್ಯರ ಕಾಲದಿಂದೀಚೆಗೆ ಬಂದ ಮುಕ್ತ ಛಂದದ ಕವಿತೆಗೆ ಈ ರಕ್ಷೆ ಇಲ್ಲ. ಅಲ್ಲಿ ಮಾತ್ರೆ ಎಣಿಸಲಾಗದು, ಪ್ರಾಸ ಹುಡುಕಲಾಗದು. ಕವಿ ಎಲ್ಲಿ ಉಸಿರು ನಿಲ್ಲಿಸಿದ ಎಂಬುದಕ್ಕೆ ಇರುವ ಒಂದೇ ಸಾಕ್ಷಿ ಸಾಲಿನ ಕೊನೆ. ಕಂಪ್ಯೂಟರಿನ ಭಾಷೆಯಲ್ಲಿ ಅದು ಕಾಣದ ಒಂದು ಸಂಕೇತ. ಅದು ಅಳಿಸಿಹೋದರೂ, ಹೊಸದು ಸೇರಿದರೂ, ಮೂಲ ಹೇಗಿತ್ತು ಎಂದು ಯಾವ ಗಮಕಿಯೂ ಕಂಡುಹಿಡಿಯಲಾರ. ಇನ್ನೂ ಕೆಟ್ಟದ್ದೇನೆಂದರೆ, ತಪ್ಪಾಗಿದೆ ಎಂದೇ ಓದುಗನಿಗೆ ತಿಳಿಯುವುದಿಲ್ಲ. ಅವನು ಅದನ್ನೂ ತಂತ್ರ ಎಂದು ಮೆಚ್ಚುತ್ತಾನೆ! ನಮ್ಮ ಮೇಷ್ಟ್ರ 'ಮನೆ'ಗೆ ಆದದ್ದು ಇದೇ.

ಹಾಗಾದರೆ ಏನು ಮಾಡಬೇಕು?

ಒಂದೇ ಸೂತ್ರ. ಎಂಟರ್ ಒತ್ತುವ ಹಕ್ಕು ಬರೆದವರದ್ದು, ಮಡಚುವ ಹಕ್ಕು ಕಿಟಕಿಯದ್ದು. ಎಡಿಟರಿಗೆ ಎರಡನೆಯ ಹಕ್ಕನ್ನು ಕೊಡಿ, ಮೊದಲನೆಯದನ್ನು ಕೊಡಬೇಡಿ.

ನೋಟ್‌ಪ್ಯಾಡ್: ವಿಂಡೋಸ್ 11ರಲ್ಲಿ ವ್ಯೂ ಮೆನುವಿನಲ್ಲಿ, ಹಿಂದಿನ ಆವೃತ್ತಿಗಳಲ್ಲಿ ಫಾರ್ಮ್ಯಾಟ್ ಮೆನುವಿನಲ್ಲಿ 'ವರ್ಡ್ ವ್ರ್ಯಾಪ್' ಇದೆ. ಅದಕ್ಕೆ ಟಿಕ್ ಹಾಕಿ. ಇದು ಮೆದು ಮಡಿಕೆ, ಭಯವಿಲ್ಲ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲೂ ವ್ಯೂ ಮೆನುವಿನಲ್ಲೇ ಇದೆ.

ವಿಎಸ್ ಕೋಡ್: ಆಲ್ಟ್ ಒತ್ತಿ ಹಿಡಿದು ಝಡ್ ಒತ್ತಿ; ಮಡಿಕೆ ಶುರುವಾಗುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕವಿತೆ ಟೈಪ್ ಮಾಡುವವರು ಸೆಟ್ಟಿಂಗ್ಸಿನಲ್ಲಿ 'ವ್ರ್ಯಾಪಿಂಗ್ ಇಂಡೆಂಟ್' ಹುಡುಕಿ 'ಇಂಡೆಂಟ್' ಎಂದು ಆರಿಸಿಕೊಳ್ಳಿ. ಆಗ ಮಡಚಿಕೊಂಡ ಭಾಗ ಸ್ವಲ್ಪ ಒಳಗೆ ಸರಿದು ಕಾಣುತ್ತದೆ. ಅಂಚಿನಿಂದ ಶುರುವಾದದ್ದು ಕವಿಯ ಸಾಲು, ಒಳಗೆ ಸರಿದದ್ದು ಜಾಗ ಸಾಲದ ಸಾಲು ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಕವನ ಸಂಕಲನಗಳಲ್ಲಿ ಉದ್ದ ಸಾಲಿನ ಬಾಲವನ್ನು ಒಳಗೆ ಸರಿಸಿ ಅಚ್ಚು ಮಾಡುವುದೂ ಇದೇ ಕಾರಣಕ್ಕೆ.

ವಿಮ್: ಇಲ್ಲಿ ಮೂರು ಆಯ್ಕೆ ಗೊತ್ತಿರಬೇಕು. 'ವ್ರ್ಯಾಪ್' ಪರದೆಯಲ್ಲಿ ಮಡಚುತ್ತದೆ, ಮೊದಲೇ ಚಾಲೂ ಇರುತ್ತದೆ. 'ಲೈನ್‌ಬ್ರೇಕ್' ಚಾಲೂ ಮಾಡದಿದ್ದರೆ ಅದು ಪದದ ನಡುವೆಯೇ ಮಡಚುತ್ತದೆ, ಆದ್ದರಿಂದ ಅದನ್ನೂ ಚಾಲೂ ಮಾಡಿ. 'ಟೆಕ್ಸ್ಟ್‌ವಿಡ್ತ್' ಎಂಬುದೇ ಖಳನಾಯಕ. ಅದರ ಬೆಲೆ ಸೊನ್ನೆ ಇರಲಿ. 60 ಎಂದೋ 72 ಎಂದೋ ಇಟ್ಟರೆ ಅಲ್ಲಿಗೆ ಬಂದ ಕೂಡಲೇ ಗಟ್ಟಿ ಎಂಟರ್ ಬೀಳುತ್ತದೆ.

ಈಮ್ಯಾಕ್ಸ್: 'ವಿಷುವಲ್ ಲೈನ್ ಮೋಡ್' ಮೆದುವಾದದ್ದು, 2009ರ 23ನೇ ಆವೃತ್ತಿಯಿಂದ ಇದೆ. 'ಆಟೋ ಫಿಲ್ ಮೋಡ್' ಗಟ್ಟಿಯಾದದ್ದು, ಬದಲಾಯಿಸದಿದ್ದರೆ 70ನೇ ಸ್ಥಾನದ ಸುತ್ತ ಮುರಿಯುತ್ತದೆ. ಮೊದಲನೆಯದನ್ನು ಬಳಸಿ.

ವರ್ಡ್ ಮತ್ತು ಲಿಬ್ರೆ ಆಫೀಸ್: ಇವು ಸದಾ ಮೆದುವಾಗಿಯೇ ಮಡಚುತ್ತವೆ. ಇಲ್ಲಿ ನೆನಪಿಡಬೇಕಾದ್ದು ಬರೀ ಎಂಟರ್ ಒತ್ತಿದರೆ ಹೊಸ ಪ್ಯಾರಾ, ಶಿಫ್ಟ್ ಜೊತೆ ಎಂಟರ್ ಒತ್ತಿದರೆ ಅದೇ ಪ್ಯಾರಾದಲ್ಲಿ ಹೊಸ ಸಾಲು. ಕವಿತೆಯ ಸಾಲುಗಳಿಗೆ ಶಿಫ್ಟ್ ಎಂಟರ್, ಚರಣ ಮುಗಿದಾಗ ಬರೀ ಎಂಟರ್ ಬಳಸಿದರೆ ರಚನೆ ಅಚ್ಚುಕಟ್ಟಾಗಿ ಉಳಿಯುತ್ತದೆ. ಕಾಣದ ಗುರುತುಗಳನ್ನು ನೋಡಬೇಕೆಂದರೆ ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ. ಲಿಬ್ರೆ ಆಫೀಸ್ ರೈಟರಿನಲ್ಲಿ ಕಂಟ್ರೋಲ್ ಮತ್ತು ಎಫ್10. ಎಲ್ಲೆಲ್ಲಿ ಗಟ್ಟಿ ಸಾಲಿದೆ ಎಂದು ತಟ್ಟನೆ ಕಾಣುತ್ತದೆ.

ಇದಕ್ಕೆ ತದ್ವಿರುದ್ಧದ ಅಪಾಯವೂ ಒಂದಿದೆ. ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್‌ಗೆ ನಮ್ಮ ಎಂಟರ್ ಲೆಕ್ಕಕ್ಕೇ ಇಲ್ಲ, ಅದು ಬರೀ ಖಾಲಿ ಜಾಗ. ಸರಳ ಪಠ್ಯದ ಕವಿತೆಯನ್ನು ಹಾಗೆಯೇ ಅಲ್ಲಿ ಸುರಿದರೆ ಕವಿತೆ ಗದ್ಯವಾಗುತ್ತದೆ. ಪ್ರತಿ ಸಾಲಿನ ಕೊನೆಗೂ 'ಬಿಆರ್' ಎಂಬ ಗುರುತು ಹಾಕಬೇಕು, ಇಲ್ಲವೇ ಪುಟದ ವಿನ್ಯಾಸದಲ್ಲಿ 'ಪ್ರೀ ವ್ರ್ಯಾಪ್' ಎಂದು ಹೇಳಬೇಕು. ನಮ್ಮ ಸಂಚಿಕೆಯನ್ನು ಈಗ ನಾನು ಹಾಗೆಯೇ ಕಟ್ಟುತ್ತಿದ್ದೇನೆ.

ಈಗಾಗಲೇ ಮುರಿದಿದ್ದರೆ?

ಗದ್ಯವಾದರೆ ದುರಸ್ತಿ ಸುಲಭ. ಹಳೆಯ ಮೇಲುಗಳಿಂದ ಎತ್ತಿಟ್ಟ ಕಥೆ, ಪ್ರಬಂಧಗಳು ಅನೇಕರ ಬಳಿ ಗರಗಸದ ಹಲ್ಲಾಗಿ ಕೂತಿವೆ. ಮೊದಲು ಒಂದು ನಕಲು ಇಟ್ಟುಕೊಳ್ಳಿ. ನಂತರ ವರ್ಡ್‌ನ 'ರಿಪ್ಲೇಸ್' ತೆರೆದು ಮೂರು ಹೆಜ್ಜೆ. ಪ್ಯಾರಾಗಳ ನಡುವೆ ಒಂದು ಖಾಲಿ ಸಾಲು ಇರುತ್ತದೆ, ಅಂದರೆ ಪ್ಯಾರಾ ಗುರುತು ಎರಡು ಸಲ ಒಟ್ಟಿಗೆ ಇರುತ್ತದೆ. ಅದನ್ನು ಲೇಖನದಲ್ಲಿ ಎಲ್ಲೂ ಇಲ್ಲದ ಯಾವುದಾದರೂ ಚಿಹ್ನೆಗೆ, ಉದಾಹರಣೆಗೆ ಮೂರು ನಕ್ಷತ್ರಕ್ಕೆ, ಬದಲಾಯಿಸಿ. ಆಮೇಲೆ ಉಳಿದ ಒಂಟಿ ಪ್ಯಾರಾ ಗುರುತುಗಳನ್ನೆಲ್ಲ ಒಂದು ಖಾಲಿ ಜಾಗಕ್ಕೆ ಬದಲಾಯಿಸಿ. ಕೊನೆಗೆ ಮೂರು ನಕ್ಷತ್ರವನ್ನು ಮತ್ತೆ ಪ್ಯಾರಾ ಗುರುತಿಗೆ ಬದಲಾಯಿಸಿ. ಪ್ಯಾರಾ ಗುರುತು 'ಮೋರ್', ಅದರೊಳಗೆ 'ಸ್ಪೆಷಲ್' ಪಟ್ಟಿಯಲ್ಲಿ ಸಿಗುತ್ತದೆ. ಎರಡೆರಡು ಖಾಲಿ ಜಾಗ ಉಳಿದಿದ್ದರೆ ಅದನ್ನೂ ಒಂದು ಮಾಡಿ. ಎರಡು ನಿಮಿಷದಲ್ಲಿ ಇಡೀ ಕಥೆ ಸಲೀಸಾಗಿ ಹರಿಯುತ್ತದೆ.

ಕವಿತೆಯಾದರೆ ಈ ಉಪಾಯವನ್ನು ದಯವಿಟ್ಟು ಮುಟ್ಟಬೇಡಿ. ಅದಕ್ಕೆ ದುರಸ್ತಿ ಇರುವುದು ಒಂದೇ ಕಡೆ, ಕವಿಯ ಕೈಬರಹದಲ್ಲಿ ಅಥವಾ ಕವಿಯ ಬಾಯಲ್ಲಿ.

ಬಳಗದವರಲ್ಲಿ ಮೂರು ವಿನಂತಿ

ಒಂದು, ಗದ್ಯ ಕಳಿಸುವವರು ಪ್ಯಾರಾ ಮುಗಿಯುವ ತನಕ ಎಂಟರ್ ಮುಟ್ಟಬೇಡಿ. ಎರಡು, ಕವಿತೆ ಕಳಿಸುವವರು ಕೆಳಗೆ "ಒಟ್ಟು ಇಷ್ಟು ಸಾಲು, ಇಷ್ಟು ಚರಣ" ಎಂದು ಬರೆಯಿರಿ. ಪ್ರೂಫ್ ನೋಡುವಾಗ ನಾನು ಎಣಿಸುತ್ತೇನೆ. ಯಾವ ತಂತ್ರಜ್ಞಾನಕ್ಕಿಂತಲೂ ಇದು ಭದ್ರ. ಮೂರು, ಸಾಧ್ಯವಾದರೆ ಕೈಬರಹದ ಒಂದು ಫೋಟೋ ಜೊತೆಗಿರಲಿ.

ಮೇಷ್ಟ್ರ ಕವಿತೆಯನ್ನು ಮುಂದಿನ ಸಂಚಿಕೆಯಲ್ಲೇ ತಿದ್ದಿ ಹಾಕಿ ಕ್ಷಮೆ ಕೇಳಿದ್ದೆ. ಆದರೆ ತಿದ್ದುಪಡಿಯನ್ನು ಯಾರು ಫಾರ್ವರ್ಡ್ ಮಾಡುತ್ತಾರೆ ಹೇಳಿ? ಮೊದಲಿನದ್ದೇ ಊರಿಗೆ ಹೋಗಿ, ನೆಂಟರ ಫೋನುಗಳಲ್ಲಿ ಸುತ್ತಾಡುತ್ತಿತ್ತು. ಕಳೆದ ಮಳೆಗಾಲದಲ್ಲಿ ಮೇಷ್ಟ್ರು ತೀರಿಕೊಂಡರು. ಹದಿಮೂರನೆಯ ದಿನ ಮನೆಯವರು ಅವರ ಕವಿತೆಗಳ ಪುಟ್ಟ ಪುಸ್ತಿಕೆ ಮಾಡಿ ಬಂದವರಿಗೆಲ್ಲ ಹಂಚಿದರಂತೆ. ಅದರ ಒಂದು ಪ್ರತಿಯನ್ನು ಮಗಳು ನನಗೂ ತಂದುಕೊಟ್ಟರು. ಕೊನೆಯ ಪುಟದಲ್ಲಿ ಆ ಕವಿತೆ. ಎಣಿಸಿದೆ. ಇಪ್ಪತ್ತಮೂರು ಸಾಲು. ಕೊನೆಯಲ್ಲಿ 'ಮನೆ', ಒಂಟಿಯಾಗಿ.

ಮಗಳಿಗೆ ವಿಷಯ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಪ್ಪ ಹಾಗೆಯೇ ಬರೆದದ್ದು ಎಂದುಕೊಂಡಿದ್ದರು. ವರ್ಷಾಂತಿಕಕ್ಕೆ ಇನ್ನಷ್ಟು ಪ್ರತಿ ಮಾಡಿಸುವ ಯೋಚನೆ ಇದೆಯಂತೆ. ಅವರು ಅಂದು ಕಳಿಸಿದ್ದ ಕೈಬರಹದ ಫೋಟೋ ನನ್ನ ಫೋನಿನಲ್ಲಿ ಇನ್ನೂ ಇತ್ತು. ನಿನ್ನೆ ರಾತ್ರಿ ಕೂತು ಅದನ್ನು ನೋಡಿಕೊಂಡು ಹೊಸದಾಗಿ ಟೈಪ್ ಮಾಡಿದೆ, ಕಿಟಕಿಯನ್ನು ಹಿಗ್ಗಿಸಿ ಕುಗ್ಗಿಸಿ ನೋಡಿದೆ, ಸಾಲು ಎಣಿಸಿದೆ, ಕಳಿಸಿದೆ. ಹದಿನಾಲ್ಕು.

ಮನೆ ಈಗ ಎಲ್ಲರ ಜೊತೆಗಿದೆ.

ನಿಮ್ಮ ಎಡಿಟರಿನ ಬಗ್ಗೆ ಸಂದೇಹಗಳಿದ್ದರೆ ಈ ಮೇಲಿಗೇ ಉತ್ತರಿಸಿ, ತಿಳಿದಷ್ಟು ಹೇಳುತ್ತೇನೆ. ಮುಂದಿನ ಸಂಚಿಕೆಗೆ ಪುಸ್ತಕ ಪರಿಚಯ ಖಂಡಿತ.

ಅಲ್ ರೀಮ್ ಐಲ್ಯಾಂಡ್, ಅಬುಧಾಬಿ